ಒಲೆಗೆ ಹಾಕುವ ಮುನ್ನ ಒಮ್ಮೆ ನೋಡಿ

ಮಕ್ಕಳೇ, ಬೆಳಗಾವಿಯ ವಡಗಾವಿಗೆ ಬಂದವರಿಗೆ ಮೊದಲು ಕೇಳಿಸುವುದು ಮಗ್ಗದ ಸದ್ದು. ಲಾಳಿ ಇರುವ ವಿದ್ಯುತ್ ಮಗ್ಗದಲ್ಲಿ ಆ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೆ ಈಚೆ ಓಡುತ್ತದೆ. ಇಷ್ಟು ಪೆಟ್ಟು ತಾಳಬೇಕಾದರೆ ಅದರ ಕಟ್ಟಿಗೆ ಗಟ್ಟಿಯಾಗಿರಬೇಕು, ನುಣುಪಾಗಿಯೂ ಇರಬೇಕು. ಅಂಥ ಲಾಳಿಯೂ ಒಂದು ದಿನ ಸವೆಯುತ್ತದೆ, ಸೀಳು ಬಿಡುತ್ತದೆ. ಆಮೇಲೆ ಎಲ್ಲಿಗೆ? ಗುಜರಿಗೆ, ಇಲ್ಲವೇ ನೀರು ಕಾಯಿಸುವ ಒಲೆಗೆ.

ಅದನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ನಡುವೆ ಕಂಡಿಕೆ ಕೂರಿಸುವ ಉದ್ದನೆಯ ಪೊಳ್ಳು ಇದೆ. ಎರಡು ಪೆನ್ಸಿಲ್ ಸೆಲ್, ಒಂದು ಸ್ವಿಚ್ಚು, ಒಂದು ಪುಟ್ಟ ಎಲ್‌ಇಡಿ ಹಿಡಿಸುವಷ್ಟು ಜಾಗ! ದೀಪದ ಗೂಡು ಆಗಲೇ ತಯಾರಾಗಿದೆ, ಅಲ್ಲವೇ?

ಈ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಥರ್ಮಾಕೋಲ್ ಹಾಳೆ ಕೊಳ್ಳುವುದು ಬೇಡ. ಬದಲಿಗೆ ಬೇಡವಾದ ಚೂರು ಕಟ್ಟಿಗೆಯಿಂದ ಅಲಂಕಾರದ ದೀಪ ಮಾಡಿರಿ. ಇದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ. ಒಪ್ಪುವುದೋ ಬಿಡುವುದೋ, ನೀವೇ ಯೋಚಿಸಿ.

ಪ್ರದರ್ಶನದ ಮರುದಿನ ಶಾಲೆಯ ಹಿಂಭಾಗ ನೋಡಿದ್ದೀರಾ? ಮುರಿದ ಥರ್ಮಾಕೋಲ್ ಬೆಟ್ಟಗಳು, ಥರ್ಮಾಕೋಲ್ ಅಣೆಕಟ್ಟುಗಳು ಬಿದ್ದಿರುತ್ತವೆ. ‘ಪರಿಸರ ಉಳಿಸಿ’ ಎಂಬ ಮಾದರಿಯೂ ಅಲ್ಲೇ ಇರುತ್ತದೆ! ಪಾಲಿಸ್ಟೈರೀನ್ ಎಂಬ ಈ ಪ್ಲಾಸ್ಟಿಕ್ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಬರೀ ಕಾಳು ಕಾಳಾಗಿ ಚರಂಡಿ ಸೇರುತ್ತದೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಅನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಹಿಂದೆ ಇಂಥ ಮಾದರಿಗಳಿಗೆ ನಾನೂ ಬಹುಮಾನ ಕೊಟ್ಟಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಕಟ್ಟಿಗೆಯ ಮಾತೇ ಬೇರೆ. ಖಾನಾಪುರದ ಕಡೆ ಬಡಿಗರ ಅಂಗಳದಲ್ಲಿ ಸಾಗವಾನಿಯ ಒಂದು ತುಂಡು ಸಿಕ್ಕರೆ ಅದರ ಅಡ್ಡ ಕೊಯ್ತ ನೋಡಿರಿ. ಬಳೆಯಂಥ ಗೆರೆಗಳು ಕಾಣುತ್ತವೆ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಮಳೆ ಬಂದೊಡನೆ ಮತ್ತೆ ಬೆಳೆಯುತ್ತದೆ. ಆದ್ದರಿಂದಲೇ ವರ್ಷಕ್ಕೊಂದು ಬಳೆ. ನಿಮ್ಮ ಅಂಗೈ ಅಗಲದ ತುಂಡಿನಲ್ಲಿ ನಿಮ್ಮ ವಯಸ್ಸಿಗಿಂತ ಹೆಚ್ಚು ಬಳೆಗಳಿರಬಹುದು. ಎಣಿಸಿ!

ಇನ್ನೊಂದು ಲೆಕ್ಕ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. 1 ಕಿಲೋ ಕಟ್ಟಿಗೆ ಪೂರ್ತಿ ಉರಿದರೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಟ್ಟಿಗೆಗಿಂತ ಹೊಗೆಯ ಅನಿಲವೇ ಭಾರ! ಹೆಚ್ಚಿನ ತೂಕ ಎಲ್ಲಿಂದ ಬಂತು? ಗಾಳಿಯಲ್ಲಿನ ಆಮ್ಲಜನಕ ಇಂಗಾಲದೊಡನೆ ಸೇರಿದ್ದರಿಂದ. ಕಟ್ಟಿಗೆ ದೀಪವಾಗಿ ಉಳಿದಷ್ಟು ದಿನ ಆ ಇಂಗಾಲವೂ ಅದರಲ್ಲೇ ಉಳಿಯುತ್ತದೆ.

‘ಅರ್ಧ ಕಿಲೋ ಕಟ್ಟಿಗೆಯ ದೀಪದಿಂದ ಭೂಮಿ ತಂಪಾಗುತ್ತದೆಯೇ?’ ಎಂದು ನೀವು ಕೇಳಬಹುದು. ಇಲ್ಲ, ಆಗುವುದಿಲ್ಲ. ಅಲ್ಲದೆ ಎಷ್ಟೋ ಮನೆಗಳಲ್ಲಿ ಇದೇ ಚೂರು ಕಟ್ಟಿಗೆಯಿಂದ ಸ್ನಾನದ ನೀರು ಕಾಯುತ್ತದೆ. ಅವರ ಒಲೆಯಿಂದ ಕಟ್ಟಿಗೆ ಕಿತ್ತುಕೊಂಡು ದೀಪ ಮಾಡಿದರೆ ಅದು ಜಾಣತನವಲ್ಲ. ದೀಪಕ್ಕೆಂದು ಹೊಸ ಹಲಗೆ ಕೊಳ್ಳುವುದಾಗಲಿ, ಕಾಡಿನಿಂದ ಕೊಂಬೆ ಕಡಿದು ತರುವುದಾಗಲಿ ಇನ್ನೂ ದೊಡ್ಡ ತಪ್ಪು. ಯಾರಿಗೂ ಬೇಡವಾದದ್ದನ್ನು ಕೇಳಿ ತನ್ನಿ. ಎಸೆಯುವ ಮುನ್ನ ನೋಡುವ ಅಭ್ಯಾಸವೇ ಇದರ ದೊಡ್ಡ ಲಾಭ.

ಈಗ ನನ್ನದೇ ಒಂದು ಫಜೀತಿ ಕೇಳಿ. ಹಲವು ವರ್ಷಗಳ ಹಿಂದೆ ಪ್ಲೈವುಡ್ ಚೂರುಗಳಿಂದ ಚೆಂದದ ದೀಪದ ಪೆಟ್ಟಿಗೆ ಮಾಡಿದೆ. ಒಳಗೆ 60 ವ್ಯಾಟಿನ ಬುರುಡೆ ಬಲ್ಬು ಹಾಕಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ! ತೆಗೆದು ನೋಡಿದರೆ ಮೇಲಿನ ಹಲಗೆ ಕಪ್ಪಾಗಿತ್ತು. ವಿಜ್ಞಾನ ಓದಿದ ನಾನೇ ಮರೆತಿದ್ದೆ: ಅಂಥ ಬಲ್ಬಿನಲ್ಲಿ ಬೆಳಕಾಗುವುದು ನೂರಕ್ಕೆ ಐದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಕಟ್ಟಿಗೆ ಶಾಖದ ಮಂದವಾಹಕ. ಹೀಗಾಗಿ ಒಳಗಿನ ಬಿಸಿ ಹೊರಹೋಗಲಾರದೆ ಏರುತ್ತಲೇ ಇತ್ತು.

ಅಷ್ಟೇ ಬೆಳಕನ್ನು ಇಂದು ಸುಮಾರು 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುತ್ತದೆ. ಬಿಳಿ ಎಲ್‌ಇಡಿಗೆ ದಾರಿ ಮಾಡಿದ್ದು ನೀಲಿ ಎಲ್‌ಇಡಿ. ಅದನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆದರೂ ಎಲ್‌ಇಡಿ ಪೂರ್ತಿ ತಣ್ಣಗೇನೂ ಇರುವುದಿಲ್ಲ. ಗಾಳಿಯಾಡಲು ರಂಧ್ರ ಬಿಡಿ. ಮನೆಯ 230 ವೋಲ್ಟ್ ವಿದ್ಯುತ್ತನ್ನು ಮುಟ್ಟಲೇಬೇಡಿ. 1.5 ವೋಲ್ಟಿನ ಎರಡು ಸೆಲ್ ಸಾಲಾಗಿ ಜೋಡಿಸಿದರೆ 3 ವೋಲ್ಟ್; ಒಂದು ಬಿಳಿ ಎಲ್‌ಇಡಿ ಬೆಳಗಲು ಸಾಕು. ಎಲ್‌ಇಡಿಯ ಉದ್ದ ಕಾಲು ಧನ ತುದಿಗೆ ಬರಬೇಕು. ಜೊತೆಗೊಂದು ಸಣ್ಣ ರೆಸಿಸ್ಟರ್ ಇದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ.

ಎಲ್ಲ ಕಟ್ಟಿಗೆಯೂ ಆಗದು. ಹಳೆಯ ಬಣ್ಣ ಬಳಿದ ಬಾಗಿಲು, ಕಿಟಕಿಗಳ ಚೂರು ಬೇಡ. ಮನೆಯ ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಉಜ್ಜಿದರೆ ಆ ವಿಷದ ಧೂಳು ನಿಮ್ಮ ಮೈ ಸೇರಬಹುದು. ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಿಗೆ ವಿದೇಶದಿಂದ ಯಂತ್ರ ಹೊತ್ತು ಬರುವ ಕಟ್ಟಿಗೆ ಪೆಟ್ಟಿಗೆಗಳ ಮೇಲೆ ಇಂಗ್ಲಿಷ್ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಕೀಟ ಸಾಯಲು ಬಿಸಿ ಕೊಟ್ಟದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದು ಬೇಡ. ಲಾಳಿಗೆ ಎಣ್ಣೆ ಹಿಡಿದಿದ್ದರೆ ಸಾಬೂನು ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿ, ಇಲ್ಲವಾದರೆ ಅಂಟು ಹಿಡಿಯದು. ಅದರ ಲೋಹದ ಮೊನೆ ಚುಚ್ಚೀತು, ಜೋಕೆ. ಪಾಲಿಶ್ ಪೇಪರಿನಿಂದ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೊರೆಯುವ, ಕೊಯ್ಯುವ ಕೆಲಸ ದೊಡ್ಡವರಿಗಿರಲಿ.

ದೀಪ ಸಿದ್ಧವಾದ ಮೇಲೆ ಅದರ ತಳಕ್ಕೆ ಒಂದು ಚೀಟಿ ಅಂಟಿಸಿರಿ: ಇದು ಯಾವ ಮರ? ಮೊದಲು ಏನಾಗಿತ್ತು? ಎಷ್ಟು ವರ್ಷ ದುಡಿದಿತ್ತು? ಉತ್ತರ ಬೇಕಾದರೆ ನೇಕಾರ ಅಜ್ಜನನ್ನೋ ಬಡಿಗ ಕಾಕಾನನ್ನೋ ಕೇಳಲೇಬೇಕು. ಅವರಿಗೆ ಕಟ್ಟಿಗೆಯ ವಾಸನೆ, ತೂಕ, ಎಳೆ ನೋಡಿಯೇ ಮರದ ಹೆಸರು ಹೇಳಲು ಬರುತ್ತದೆ. ಅದೂ ವಿಜ್ಞಾನವೇ. ಮುಂದಿನ ಪ್ರದರ್ಶನಕ್ಕೆ ಬಂದಾಗ ನಾನು ಮೊದಲು ಓದುವುದು ಆ ಚೀಟಿಯನ್ನೇ.