'ಸರ್ವರ್ ಇಲ್ಲ' ಎಂಬುದು ಉತ್ತರವೇ?

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂಥ ಹೋಬಳಿ ಕೇಂದ್ರದಲ್ಲಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಂಥ ಊರುಗಳಲ್ಲಾಗಲಿ, ಓದು ಬಲ್ಲವರೂ ಬಾರದವರೂ ಒಂದೇ ಸಮನಾಗಿ ಆಡುವ ಮಾತೊಂದು ಈಗ ರೂಢಿಗೆ ಬಂದಿದೆ: 'ಸರ್ವರ್ ಇಲ್ಲ.' ಬೆಳೆಸಾಲಕ್ಕೆ ಪಹಣಿ ಬೇಕೆಂದು ಬಂದ ರೈತನಿಗೂ, ವಿದ್ಯಾರ್ಥಿವೇತನಕ್ಕಾಗಿ ಆದಾಯ ಪ್ರಮಾಣಪತ್ರ ಕೇಳಲು ಬಂದ ಹುಡುಗಿಗೂ, ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಬೇಕೆಂದು ಬಂದ ತಾಯಿಗೂ ಈ ಎರಡು ಪದಗಳ ಉತ್ತರ ದೊರೆಯಿತೆಂದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಮಳೆ ತಪ್ಪಿದರೆ ಹೇಗೋ ಹಾಗೆ, ಇದಕ್ಕೂ ಯಾರೂ ಹೊಣೆಯಲ್ಲವೆಂದು ತಿಳಿದು ಜನರು ಊರಿಗೆ ಹಿಂದಿರುಗುತ್ತಾರೆ. ಅವರು ಕಳೆದುಕೊಂಡದ್ದು ಒಂದು ದಿನದ ಕೂಲಿ.

ಮಳೆ ಕೂಡ ಕಾರಣವಿಲ್ಲದೆ ತಪ್ಪುವುದಿಲ್ಲವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಮನುಷ್ಯನೇ ಕಟ್ಟಿದ, ಮನುಷ್ಯನೇ ಬರೆದ ಆಜ್ಞೆಗಳಂತೆ ನಡೆಯುವ ಯಂತ್ರವೊಂದು ಕಾರಣವಿಲ್ಲದೆ ನಿಲ್ಲುವುದಾದರೂ ಹೇಗೆ? ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ: ನಿಧಾನವಾದ ಜಾಲತಾಣದ ದೋಷವನ್ನು ಹುಡುಕುವುದು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸದ ಜಾತಿಗೇ ಸೇರಿದುದು. ಅದನ್ನು ಊಹೆಯ ಮೇಲೆ ನಡೆಸುವ ಪದ್ಧತಿ ತಪ್ಪಬೇಕು. ಅಳತೆಯ ಮೇಲೆ ನಡೆಸುವ ಪದ್ಧತಿಯನ್ನು ನಮ್ಮ ಕಾಲೇಜುಗಳು ಕಲಿಸಬೇಕು.

ಮೊದಲು ಸರ್ವರ್ ಎಂದರೇನೆಂಬುದನ್ನು ನೋಡೋಣ. ದೂರದಲ್ಲೆಲ್ಲೋ ಇರುವ ಒಂದು ಗಣಕಯಂತ್ರ ಅದು. ನೀವು ಜಾಲತಾಣದಲ್ಲಿ ಒಂದು ಗುಂಡಿಯನ್ನು ಒತ್ತಿದಾಗ ನಿಮ್ಮ ಕೋರಿಕೆ ಅಲ್ಲಿಗೆ ತಲಪುತ್ತದೆ; ಅಲ್ಲಿ 'ಸ್ಕ್ರಿಪ್ಟ್' ಎಂದು ಕರೆಯಲ್ಪಡುವ ಒಂದು ಪ್ರೋಗ್ರಾಂ ಎಚ್ಚತ್ತು, ದಾಖಲೆಗಳ ಭಂಡಾರವಾದ ಡೇಟಾಬೇಸಿನಿಂದ ಬೇಕಾದುದನ್ನು ತರಿಸಿಕೊಂಡು, ಪುಟವನ್ನು ಸಿದ್ಧಪಡಿಸಿ ಕಳುಹಿಸುತ್ತದೆ. ಇಂಥ ಸ್ಕ್ರಿಪ್ಟುಗಳನ್ನು ಬರೆಯಲು ಬಳಸುವ ಭಾಷೆಗಳಲ್ಲಿ ಪಿಎಚ್‌ಪಿ ಒಂದು. ರಾಸ್ಮಸ್ ಲರ್ಡಾರ್ಫ್ ಎಂಬಾತ 1995ರಲ್ಲಿ ಇದನ್ನು ಲೋಕಕ್ಕೆ ಬಿಡುಗಡೆ ಮಾಡಿದನು. ನಾವು ನಿತ್ಯ ನೋಡುವ ಕನ್ನಡ ವಿಕಿಪೀಡಿಯದ ಪುಟಗಳನ್ನು ಕಟ್ಟಿಕೊಡುವ ಮೀಡಿಯಾವಿಕಿ ಎಂಬ ತಂತ್ರಾಂಶವೂ ಪಿಎಚ್‌ಪಿಯಲ್ಲಿಯೇ ಬರೆದದ್ದು. ಈ ಭಾಷೆಯ ನಡವಳಿಕೆಯನ್ನು ನಿಯಂತ್ರಿಸಲು ಒಂದು ಕಡತವುಂಟು. ಒಂದು ಸ್ಕ್ರಿಪ್ಟು ಎಷ್ಟು ಸೆಕೆಂಡು ನಡೆಯಬಹುದು, ಎಷ್ಟು ಮೆಮೊರಿಯನ್ನು ಬಳಸಬಹುದು ಎಂಬ ಮಿತಿಗಳನ್ನು ಅದರಲ್ಲಿ ಬರೆದಿಡುತ್ತಾರೆ. ಯಾರೂ ಬದಲಾಯಿಸದಿದ್ದರೆ ಮೊದಲನೆಯದು 30 ಸೆಕೆಂಡು, ಎರಡನೆಯದು 128 ಮೆಗಾಬೈಟು.

ಜಾಲತಾಣ ನಿಧಾನವಾಯಿತೆಂದು ದೂರು ಬಂದೊಡನೆ ಅನೇಕ ಪ್ರೋಗ್ರಾಮರುಗಳ ಕೈ ಹೋಗುವುದು ಈ ಕಡತಕ್ಕೆ. 30 ಇದ್ದುದನ್ನು 300 ಮಾಡಿ ನೋಡು. 128 ಇದ್ದುದನ್ನು 512 ಮಾಡಿ ನೋಡು. ಆಗದಿದ್ದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡು. ಗೆಳೆಯನೊಬ್ಬನಿಗೆ ಇದರಿಂದ ಗುಣವಾಯಿತಂತೆ, ನಮಗೂ ಆಗಬಹುದು ಎಂಬುದೇ ಇದರ ಹಿಂದಿರುವ ತರ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಸಮಯದ ಮಿತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲಿನಕ್ಸ್ ಯಂತ್ರಗಳಲ್ಲಿ ಈ 30 ಸೆಕೆಂಡುಗಳ ಗಡಿಯಾರ ಸ್ಕ್ರಿಪ್ಟು ತಾನೇ ದುಡಿಯುವ ಕಾಲವನ್ನು ಎಣಿಸುತ್ತದೆಯೇ ಹೊರತು, ಡೇಟಾಬೇಸಿನ ಉತ್ತರಕ್ಕಾಗಿ ಸುಮ್ಮನೆ ಕಾಯುವ ಕಾಲವನ್ನು ಎಣಿಸುವುದಿಲ್ಲ. ಆದುದರಿಂದ ವಿಳಂಬವೆಲ್ಲವೂ ಡೇಟಾಬೇಸಿನಲ್ಲಿರುವಾಗ ಈ ಸಂಖ್ಯೆಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಫಲವಿಲ್ಲ. ಇನ್ನೊಂದು ಸೂಕ್ಷ್ಮವುಂಟು. ಒಂದೇ ಯಂತ್ರದಲ್ಲಿ ಇಂಥ ಕಡತಗಳು ಎರಡು ಮೂರು ಇರಬಹುದು: ಜಾಲತಾಣಕ್ಕೆ ಒಂದು, ಆಜ್ಞೆಗಳನ್ನು ನೇರವಾಗಿ ಬೆರಳಚ್ಚಿಸಿ ನಡೆಸುವವರಿಗೆ ಇನ್ನೊಂದು. ಒಂದನ್ನು ತಿದ್ದಿ, ಯಂತ್ರ ಓದುತ್ತಿರುವುದು ಮತ್ತೊಂದನ್ನು ಎಂಬುದು ತಿಳಿಯದೆ, 'ಈ ಮದ್ದು ನಾಟಲಿಲ್ಲ' ಎಂದು ತೀರ್ಮಾನಿಸುವವರು ಬಹುಮಂದಿ. ಯಾವ ಕಡತವನ್ನು ಓದಲಾಗಿದೆಯೆಂದು ತಿಳಿಸಲು ಪಿಎಚ್‌ಪಿ ಇನ್ಫೊ ಎಂಬ ಒಂದು ಆಜ್ಞೆಯೇ ಇದೆ. ಮಾಪಕವನ್ನು ಬಳಸುವ ಮುನ್ನ ಅದರ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿಕೊಳ್ಳುವಂತೆ ಇದನ್ನು ಮೊದಲೇ ನೋಡಬೇಕಾಗಿತ್ತು.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹಿಟ್ಟಿನ ಗಿರಣಿಯೊಂದರಲ್ಲಿ ಐದು ಕಲ್ಲುಗಳಿರುವಂತೆ ಸರ್ವರಿನಲ್ಲಿ ಐದು ಸ್ಕ್ರಿಪ್ಟುಗಳು ಏಕಕಾಲದಲ್ಲಿ ನಡೆಯಬಲ್ಲವೆಂದೂ, ಒಂದು ಕೋರಿಕೆಯನ್ನು ಮುಗಿಸಲು 0.2 ಸೆಕೆಂಡು ಬೇಕೆಂದೂ ಇಟ್ಟುಕೊಳ್ಳಿ. ಒಂದೊಂದು ಸೆಕೆಂಡಿಗೆ ಐದು, ಒಟ್ಟು 25 ಕೋರಿಕೆಗಳು ತೀರುತ್ತವೆ. ಬರುವವು ಸೆಕೆಂಡಿಗೆ 24 ಆದರೆ ಗಿರಣಿ ನಡೆದೀತು. 30 ಆದರೆ? ಪ್ರತಿ ಸೆಕೆಂಡಿಗೆ ಐದು ಉಳಿಯುತ್ತವೆ. ಒಂದು ನಿಮಿಷದಲ್ಲಿ ಸಾಲು 300ಕ್ಕೆ ಬೆಳೆದು, ಆಗ ಬಂದವನು 12 ಸೆಕೆಂಡು ಕಾಯಬೇಕಾಗುತ್ತದೆ. ಹತ್ತು ನಿಮಿಷಗಳಾದರೆ ಎರಡು ನಿಮಿಷ. ತಾಳ್ಮೆಗೆಟ್ಟವರು ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ಕೋರಿಕೆಗಳು ಇನ್ನಷ್ಟು ಹೆಚ್ಚುತ್ತವೆ. ಯಂತ್ರ ಕೆಟ್ಟಿಲ್ಲ, ಯಾವ ತಂತಿಯೂ ಕಡಿದಿಲ್ಲ. ಆದರೂ ಕೌಂಟರಿನಲ್ಲಿ ಕುಳಿತವರು 'ಸರ್ವರ್ ಇಲ್ಲ' ಎನ್ನುತ್ತಾರೆ. 25ಕ್ಕೂ 30ಕ್ಕೂ ನಡುವಿನ ಅಂತರ ಅಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡಿತು. ಸಾಲುಗಳ ಈ ಗಣಿತ ಹೊಸತಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿಯೇ ಇದನ್ನು ಕುರಿತು ಬರೆದಿದ್ದನು.

ಇದಕ್ಕೆ ಊಹೆಯ ಮದ್ದುಗಳನ್ನು ಹಾಕಿ ನೋಡೋಣ. ಕಾಯುವ ಮಿತಿಯನ್ನು ಹೆಚ್ಚಿಸಿದರೆ ಗಿರಣಿಯ ಜಗಲಿಯನ್ನು ಅಗಲ ಮಾಡಿದಂತಾಯಿತು. ಕಾಯುವವರಿಗೆ ಜಾಗ ದೊರೆಯಿತೇ ವಿನಾ ಬೀಸುವ ವೇಗ ಹೆಚ್ಚಲಿಲ್ಲ. ಐದು ಸ್ಕ್ರಿಪ್ಟುಗಳಿಗೆ ಬದಲು ಐವತ್ತನ್ನು ಓಡಿಸಿದರೆ? ಒಂದಕ್ಕೆ 60 ಮೆಗಾಬೈಟಿನಂತೆ 3,000 ಮೆಗಾಬೈಟು ಮೆಮೊರಿ ಬೇಕು. ಯಂತ್ರದಲ್ಲಿರುವುದು 2,000 ಮಾತ್ರ ಎಂದಾದರೆ ಉಳಿದುದನ್ನು ಅದು ಡಿಸ್ಕಿನ ಮೇಲೆ ಇಡತೊಡಗುತ್ತದೆ. ಡಿಸ್ಕು ಮೆಮೊರಿಗಿಂತ ಸಾವಿರಾರು ಪಟ್ಟು ನಿಧಾನ. ಮೊದಲು ಕುಂಟುತ್ತಿದ್ದ ಯಂತ್ರ ಈಗ ಮಲಗಿಯೇ ಬಿಡುತ್ತದೆ. ಇನ್ನು ಸ್ಕ್ರಿಪ್ಟನ್ನೇ ಎರಡು ಪಟ್ಟು ವೇಗಗೊಳಿಸಿದರೆ? 0.2 ಸೆಕೆಂಡಿನಲ್ಲಿ 0.18 ಡೇಟಾಬೇಸಿಗೂ ಬರಿಯ 0.02 ಸ್ಕ್ರಿಪ್ಟಿಗೂ ಸೇರಿದ್ದರೆ, ಆ ಶ್ರಮವೆಲ್ಲದರ ಫಲವಾಗಿ 0.20 ಇದ್ದುದು 0.19 ಆದೀತು. ಎಲ್ಲಿ ಎಷ್ಟು ಕಾಲ ಹೋಗುತ್ತಿದೆಯೆಂದು ಅಳೆದಿದ್ದರೆ ಈ ಶ್ರಮ ಉಳಿಯುತ್ತಿತ್ತು.

ಅಳೆದವನು ಡೇಟಾಬೇಸಿನ ಕಡೆಗೆ ತಿರುಗುತ್ತಾನೆ. ಅಲ್ಲಿ ಅವನಿಗೆ ಕಾಣುವುದು ಬಹುಸಲ ಅತಿ ಸರಳವಾದ ಸಂಗತಿ. ಒಂದು ಲಕ್ಷ ದಾಖಲೆಗಳಲ್ಲಿ ಒಂದು ಹೆಸರನ್ನು ಹುಡುಕಲು ಯಂತ್ರ ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದನ್ನೂ ನೋಡುತ್ತಿರುತ್ತದೆ. ಅಕಾರಾದಿಯಾಗಿ ಜೋಡಿಸಿದ ಇಂಡೆಕ್ಸ್ ಒಂದಿದ್ದರೆ ನಾವು ನಿಘಂಟನ್ನು ನೋಡುವಂತೆ ನಡುವೆ ತೆರೆದು, ಹಿಂದಕ್ಕೋ ಮುಂದಕ್ಕೋ ಸರಿಯುತ್ತ ಪ್ರತಿ ಸಲವೂ ಅರ್ಧವನ್ನು ಬಿಡಬಹುದು. 2ರ 17ನೆಯ ಘಾತ 1,31,072. ಆದುದರಿಂದ ಒಂದು ಲಕ್ಷದಲ್ಲಿ ಹುಡುಕಲು ಹೆಚ್ಚೆಂದರೆ 17 ಹೆಜ್ಜೆಗಳು ಸಾಕು. ಪ್ರೋಗ್ರಾಂ ಬರೆದ ದಿನ ಪರೀಕ್ಷೆಗೆಂದು ನೂರು ಹೆಸರುಗಳನ್ನು ಮಾತ್ರ ತುಂಬಿದ್ದರಿಂದ ಈ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಡೆಕ್ಸನ್ನು ಸೇರಿಸಿದ ಮೇಲೆ ಡೇಟಾಬೇಸಿನ ಪಾಲು 0.03 ಸೆಕೆಂಡಿಗೆ ಇಳಿಯಿತೆನ್ನಿ. ಒಟ್ಟು 0.05 ಆಯಿತು, ಅದೇ ಯಂತ್ರ, ಅದೇ ಐದು ಸ್ಕ್ರಿಪ್ಟುಗಳು ಈಗ ಸೆಕೆಂಡಿಗೆ 100 ಕೋರಿಕೆಗಳನ್ನು ತೀರಿಸುತ್ತವೆ. ನಿಯಂತ್ರಣದ ಕಡತದಲ್ಲಿ ಒಂದು ಸಂಖ್ಯೆಯನ್ನೂ ಮುಟ್ಟಬೇಕಾಗಲಿಲ್ಲ.

ಯಂತ್ರದ ಸಾಮರ್ಥ್ಯವನ್ನು ಹೆಚ್ಚಿಸುವಂತೆಯೇ ಬರುವವರ ಪ್ರವಾಹವನ್ನು ಹದಗೊಳಿಸುವುದೂ ಒಂದು ಮಾರ್ಗ. ಕರ್ನಾಟಕದಲ್ಲಿ 2023ರ ಜೂನ್ ತಿಂಗಳಲ್ಲಿ ಗೃಹಜ್ಯೋತಿ ಯೋಜನೆಗೆ ಸೇವಾಸಿಂಧುವಿನ ಮೂಲಕ ಅರ್ಜಿಗಳನ್ನು ಪಡೆಯತೊಡಗಿದಾಗ ಸರ್ವರ್ ನಿಧಾನವೆಂಬ ದೂರು ಹಲವೆಡೆ ಕೇಳಿಬಂತು. ಅದೇ ಜುಲೈಯಲ್ಲಿ ಗೃಹಲಕ್ಷ್ಮಿಯ ನೋಂದಣಿ ಆರಂಭವಾದಾಗ, ಇಂಥ ದಿನ ಇಂಥ ವೇಳೆಗೆ ಇಂಥ ಕೇಂದ್ರಕ್ಕೆ ಬರಬೇಕೆಂದು ಫಲಾನುಭವಿಗಳಿಗೆ ಮೊಬೈಲಿನಲ್ಲಿ ಸಂದೇಶ ಕಳುಹಿಸುವ ಏರ್ಪಾಟನ್ನು ಮೊದಲಿಗೆ ಮಾಡಲಾಗಿತ್ತು. ಬರುವ ಕೋರಿಕೆಗಳನ್ನು ಕಾಲದ ಮೇಲೆ ಹರಡುವುದರಿಂದ ಸಾಲು ಹೇಗೆ ಕುಗ್ಗುತ್ತದೆಂಬುದು ಮೇಲಿನ ಲೆಕ್ಕದಿಂದಲೇ ವಾಚಕರಿಗೆ ತಿಳಿಯುತ್ತದೆ.

ಅಳೆದು, ಯೋಚಿಸಿ, ಒಂದೊಂದೇ ಹೆಜ್ಜೆ ಇಡುವುದು ಹೇಗೆಂಬುದಕ್ಕೆ ನಮ್ಮ ಹಾಸನ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಅಲ್ಲಿಯವರು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿವೆ. ಅಲ್ಲಿ ಏನಾದರೂ ಕೆಟ್ಟರೆ ಕೈಯಿಂದ ಮುಟ್ಟಿ ನೋಡುವಂತಿಲ್ಲ. ಉಪಗ್ರಹ ಕಳುಹಿಸುವ ಅಳತೆಗಳನ್ನು ಓದಬೇಕು, ಆಜ್ಞೆಯನ್ನು ಕಳುಹಿಸಬೇಕು, ಮತ್ತೆ ಓದಬೇಕು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ತನ್ನ ದಿಕ್ಕನ್ನು ಸರಿಪಡಿಸಿಕೊಳ್ಳಲು ಬೇಕಾದ ಇಂಧನ ತೀರಿಹೋಗಿ ಅದೇ ಸೆಪ್ಟೆಂಬರಿನಲ್ಲಿ ನಿರುಪಯುಕ್ತವಾಯಿತು. ಮರುವರ್ಷ, 1983ರ ಆಗಸ್ಟ್ 30ರಂದು, ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ತೆರೆದುಕೊಳ್ಳಲಿಲ್ಲ. ಉಪಗ್ರಹವನ್ನು ನಿರ್ಮಿಸಿದ ಫೋರ್ಡ್ ಕಂಪನಿಯ ತಂತ್ರಜ್ಞರೂ ಭಾರತದ ನಿಯಂತ್ರಕರೂ ಸೇರಿ ಸೆಪ್ಟೆಂಬರಿನ ಮಧ್ಯಭಾಗದ ವೇಳೆಗೆ ಅದನ್ನು ತೆರೆಯುವಂತೆ ಮಾಡಿದರು. ಆ ಉಪಗ್ರಹ ಮುಂದೆ ಸುಮಾರು ಏಳು ವರ್ಷ ದೇಶದ ದೂರದರ್ಶನಕ್ಕೂ ಹವಾಮಾನ ವೀಕ್ಷಣೆಗೂ ಆಸರೆಯಾಯಿತು. ಇಂಧನ ಮಿತವಾಗಿರುವಲ್ಲಿ, ತಪ್ಪು ಆಜ್ಞೆಯನ್ನು ಹಿಂದಕ್ಕೆ ಪಡೆಯಲಾಗದಲ್ಲಿ, 'ಇದನ್ನು ಹಾಕಿ ನೋಡೋಣ' ಎಂಬ ಮಾತಿಗೆ ಎಡೆಯೆಲ್ಲಿ?

'ಉಪಗ್ರಹದ ಮಾತು ಬೇರೆ. ಇಲ್ಲಿ ಜನರು ಸಾಲಿನಲ್ಲಿ ನಿಂತಿದ್ದಾರೆ, ಅಳೆಯುತ್ತ ಕೂರಲು ಸಮಯವೆಲ್ಲಿ?' ಎಂದು ಪ್ರೋಗ್ರಾಮರುಗಳು ಕೇಳಬಹುದು. ಈ ಆಕ್ಷೇಪದಲ್ಲಿ ನ್ಯಾಯವಿದೆ. ಯಂತ್ರವನ್ನು ಮತ್ತೆ ಚಾಲೂ ಮಾಡುವುದರಿಂದ ಜನರ ಕೆಲಸ ಕೂಡಲೇ ನಡೆಯುವುದಾದರೆ ಹಾಗೆ ಮಾಡಲೇಬೇಕು. ಆದರೆ ಯಂತ್ರವನ್ನು ನಿಲ್ಲಿಸಿದಾಗ ಆ ಗಳಿಗೆಯಲ್ಲಿ ಮೆಮೊರಿ ಎಷ್ಟು ತುಂಬಿತ್ತು, ಯಾವ ಸ್ಕ್ರಿಪ್ಟು ಎಲ್ಲಿ ಕಾಯುತ್ತಿತ್ತು ಎಂಬ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಉಳಿಸಲು ಹೋದರೆ ಅದೇ ದೋಷ ಮುಂದಿನ ಸೋಮವಾರ ಮತ್ತೆ ಬರುತ್ತದೆ, ಅದರ ಮುಂದಿನ ಸೋಮವಾರವೂ ಬರುತ್ತದೆ. ಸಾಲಿನಲ್ಲಿ ನಿಂತವರೇ ಪ್ರತಿ ಸಲವೂ ಅದರ ಬೆಲೆಯನ್ನು ತೆರುತ್ತಾರೆ. ಮೇಲಾಗಿ, ಒಂದೇ ಬಾರಿಗೆ ನಾಲ್ಕು ಸಂಖ್ಯೆಗಳನ್ನು ಬದಲಾಯಿಸಿ ಗುಣ ಕಂಡವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ. ಉಳಿದ ಮೂರು ಬದಲಾವಣೆಗಳು ಆ ಕಡತದಲ್ಲಿಯೇ ಉಳಿದು ಮುಂದೊಂದು ದಿನ ಹೊಸ ದೋಷಗಳಿಗೆ ಬೀಜವಾಗುತ್ತವೆ.

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಾರೆ. ಕೆಟ್ಟುದನ್ನು ಸರಿಪಡಿಸುವ ಕ್ರಮಕ್ಕೆ ಪಾಠದಲ್ಲಿ ತಕ್ಕ ಸ್ಥಾನವಿಲ್ಲ. ಭೌತವಿಜ್ಞಾನದ ತರಗತಿಯಲ್ಲಿಯಾದರೋ ಲೋಲಕದ ಆವರ್ತಕಾಲವನ್ನು ಅಳೆಯುವಾಗ ಉದ್ದವನ್ನು ಮಾತ್ರ ಬದಲಾಯಿಸಿ ಉಳಿದುದನ್ನು ಹಾಗೆಯೇ ಇಡಬೇಕೆಂದು ಹೇಳುತ್ತೇವೆ. ಆದರೆ ಈ ನಿಯಮ ಲೋಲಕಕ್ಕೆ ಮಾತ್ರ ಸೇರಿದ್ದೆಂಬಂತೆ ವಿದ್ಯಾರ್ಥಿಗಳು ಅದನ್ನು ಪ್ರಯೋಗಶಾಲೆಯ ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ. ಆದಕಾರಣ ನನ್ನದೊಂದು ಸಲಹೆ. ಗಣಕವಿಜ್ಞಾನದ ಪ್ರಯೋಗ ತರಗತಿಯಲ್ಲಿ ಪ್ರತಿ ಸೆಮಿಸ್ಟರಿನಲ್ಲಿಯೂ ಒಮ್ಮೆಯಾದರೂ, ಬೇಕೆಂದೇ ದೋಷವಿಟ್ಟ ನಿಧಾನವಾದ ಜಾಲತಾಣವೊಂದನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಅವರು ಏನನ್ನು ಅಳೆದರು, ಏನನ್ನು ಊಹಿಸಿದರು, ಯಾವ ಒಂದನ್ನು ಬದಲಾಯಿಸಿದರು, ಅದರಿಂದ ಏನಾಯಿತು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ದೋಷ ಸಿಕ್ಕಿತೆಂಬುದಕ್ಕಿಂತ ಈ ಬರವಣಿಗೆಗೆ ಹೆಚ್ಚು ಅಂಕಗಳಿರಲಿ. ಊಹೆ ಸುಳ್ಳಾಯಿತೆಂದು ಪ್ರಾಮಾಣಿಕವಾಗಿ ಬರೆದವನಿಗೂ ಅಂಕ ಸಿಗಲಿ.

ಈ ಪುಟವನ್ನು ಓದುತ್ತಿರುವ ತರುಣ ತರುಣಿಯರಲ್ಲಿ ಅನೇಕರು ಇನ್ನು ಐದಾರು ವರ್ಷಗಳಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಥ ಸರ್ವರುಗಳ ಹೊಣೆ ಹೊರುವವರೇ. ಆಗ ನಿಮ್ಮ ಮುಂದಿನ ಪರದೆಯಲ್ಲಿ ಒಂದು ಗೆರೆ ಏರುತ್ತಿರುವುದು ಕಾಣುತ್ತದೆ. ಆ ಗೆರೆಯ ಇನ್ನೊಂದು ತುದಿಯಲ್ಲಿ ಮಲ್ಲಿಪಟ್ಟಣದ ನಾಡಕಚೇರಿಯ ಮುಂದೆ ಬಿಸಿಲಲ್ಲಿ ನಿಂತ ಒಬ್ಬರಿರಬಹುದು. ಕಡತಕ್ಕೆ ಕೈ ಹಾಕುವ ಮೊದಲು ಒಮ್ಮೆ ಅಳೆಯಿರಿ.