ಕೂಸನ್ನು ಕಾಯಲು ಎಷ್ಟು ವಯಸ್ಸಾಗಿರಬೇಕು?

“ಕೂಸಿನ್ನ ನೋಡ್ಕೋತ ಇರವಾ, ಈಗ ಬಂದೆ” ಎಂದು ತಾಯಿ ಹೊಸ್ತಿಲು ದಾಟುತ್ತಾಳೆ. ಮನೆಯಲ್ಲಿ ಉಳಿದವಳು ಹತ್ತು ವರ್ಷದ ಅಕ್ಕ. ಅವಳ ಸೊಂಟದ ಮೇಲೆ ವರ್ಷ ತುಂಬಿದ ತಮ್ಮ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯಲ್ಲಿ ಈ ದೃಶ್ಯ ಯಾರಿಗೂ ಹೊಸತಲ್ಲ. ವಾಚಕರಲ್ಲಿ ಅನೇಕರು ಸ್ವತಃ ಆ ಅಕ್ಕನ ಸ್ಥಾನದಲ್ಲಿ ನಿಂತವರಿರಬಹುದು.

ಕೂಸನ್ನು ಒಪ್ಪಿಸಲು ಇಂತಿಷ್ಟು ವಯಸ್ಸಾಗಿರಬೇಕೆಂದು ನಮ್ಮ ಕಾನೂನು ಗೊತ್ತುಪಡಿಸಿಲ್ಲ. ಆದರೆ ಬುದ್ಧಿಯ ಪಕ್ವತೆಯ ವಿಷಯದಲ್ಲಿ ಅದು ಮೌನವಾಗಿಯೂ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, 1860ರ ದಂಡ ಸಂಹಿತೆಯಂತೆಯೇ, 7 ವರ್ಷದೊಳಗಿನ ಮಗುವಿನ ಯಾವ ಕೃತ್ಯವನ್ನೂ ಅಪರಾಧವೆಂದು ಎಣಿಸುವುದಿಲ್ಲ. 7ರಿಂದ 12ರವರೆಗೆ, ತನ್ನ ಕೃತ್ಯದ ಪರಿಣಾಮವನ್ನು ಅರಿಯುವಷ್ಟು ತಿಳಿವಳಿಕೆ ಆ ಮಗುವಿಗಿತ್ತೆ ಎಂದು ವಿಚಾರಿಸುತ್ತದೆ. ತಪ್ಪಿಗೆ ಹೊಣೆಮಾಡಲು ನ್ಯಾಯಾಲಯವೇ ಹಿಂಜರಿಯುವ ವಯಸ್ಸಿನಲ್ಲಿ ಒಂದು ಜೀವಕ್ಕೆ ಹೊಣೆಮಾಡುವುದು ಯುಕ್ತವೆ?

ಭೌತಶಾಸ್ತ್ರದ ಅಧ್ಯಾಪಕರಾದ ನಾವು ಈ ಪ್ರಶ್ನೆಯನ್ನು ಬಚ್ಚಲಿನ ಬಕೆಟ್ಟಿನಿಂದ ಪರೀಕ್ಷಿಸಲು ಇಚ್ಛಿಸುತ್ತೇವೆ. ಆಗ ತಾನೆ ಹುಟ್ಟಿದ ಕೂಸಿನ ತಲೆ ಅದರ ಉದ್ದದ ಸುಮಾರು ಕಾಲು ಭಾಗ; ಬೆಳೆದ ಮನುಷ್ಯನಲ್ಲಿ ಸುಮಾರು ಎಂಟನೆಯ ಒಂದು ಭಾಗ ಮಾತ್ರ. ಆದುದರಿಂದ ಈಗಷ್ಟೇ ನಿಲ್ಲಲು ಕಲಿತ ಮಗುವಿನ ಗುರುತ್ವ ಕೇಂದ್ರವು ನಮ್ಮದಕ್ಕಿಂತ ಮೇಲ್ಭಾಗದಲ್ಲಿರುತ್ತದೆ. ಮಗು ಬಕೆಟ್ಟಿನ ಅಂಚನ್ನು ಹಿಡಿದು ಒಳಗೆ ಬಗ್ಗಿತೆಂದರೆ ಆ ಕೇಂದ್ರವು ಅಂಚನ್ನು ದಾಟಿ, ಮಗು ತಲೆ ಕೆಳಗಾಗಿ ಬೀಳುತ್ತದೆ. ಮೈಯನ್ನು ಹಿಂದಕ್ಕೆತ್ತುವಷ್ಟು ಬಲ ತೋಳುಗಳಿಗಿಲ್ಲ. ಮುಳುಗಲು ಬಾವಿಯೇ ಬೇಕೆಂದಿಲ್ಲ, ಐದಾರು ಸೆಂಟಿಮೀಟರ್ ನೀರು ಸಾಕು. ಬಾಯಿ ನೀರೊಳಗಿರುವುದರಿಂದ ಕೂಗು ಹೊರಡದು. ನಾಲ್ಕೈದು ನಿಮಿಷ ಆಮ್ಲಜನಕ ದೊರೆಯದಿದ್ದರೆ ಮಿದುಳಿಗೆ ಹಾನಿಯಾಗುತ್ತದೆ. ಅಳುವ ಕೂಸು ಉಸಿರಾಡುತ್ತಿದೆಯಷ್ಟೆ. ಸದ್ದಡಗಿದಾಗಲೇ ಎದ್ದು ನೋಡಬೇಕು. ಹತ್ತು ವರ್ಷದವಳಿಗಾದರೋ ಕೂಸಿನ ಸದ್ದಡಗಿತೆಂದರೆ ಆಟಕ್ಕೆ ಬಿಡುವಾಯಿತೆಂದೇ ಅರ್ಥ. ದೊಡ್ಡವರೂ ಎಷ್ಟೋ ಸಲ ಹಾಗೆಯೇ ತಿಳಿಯುತ್ತಾರೆನ್ನಿ.

ನೆರೆಮನೆಯ ಅಂಥ ಒಬ್ಬ ಹುಡುಗಿಯನ್ನು ನಾವು ಕೇಳಿದೆವು: “ಕೂಸಿನ ಗಂಟಲದಾಗ ಶೇಂಗಾ ಸಿಕ್ಕರ ಏನ ಮಾಡ್ತೀಯವಾ?”

“108ಕ್ಕ ಫೋನ್ ಮಾಡ್ತೇನ್ರಿ ಸರ.”

“ಫೋನ್ ಎಲ್ಲೈತಿ?”

ಹುಡುಗಿ ಸುತ್ತಲೂ ನೋಡಿದಳು. “ಅವ್ವ ತಗೊಂಡ್ ಹೋಗ್ಯಾಳ್ರಿ.”

ಉತ್ತರವೇನೋ ಸರಿಯಾಗಿತ್ತು. ಆದರೆ ಮನೆಯ ಒಂದೇ ಫೋನು ಸಂತೆಯಲ್ಲಿತ್ತು.

12 ವರ್ಷ ತುಂಬದವರ ಕೈಗೆ ಕೂಸನ್ನು ಒಪ್ಪಿಸಿ ಮನೆ ಬಿಡಕೂಡದೆಂಬುದು ನಮ್ಮ ಅಭಿಪ್ರಾಯ. ತುಂಬಿದ ಮೇಲೂ ಒಂದು ಗಂಟೆಯಷ್ಟೇ. ಕರೆದರೆ ಓಡಿಬರುವ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ಫೋನು ಮನೆಯಲ್ಲಿರಬೇಕು. ಶಾಲೆಯ ಹೊತ್ತಿನಲ್ಲಂತೂ ಯಾವ ಅಕ್ಕನನ್ನೂ ಇದಕ್ಕಾಗಿ ನಿಲ್ಲಿಸಿಕೊಳ್ಳತಕ್ಕದ್ದಲ್ಲ. ಕೂಲಿಗೆ ಹೋಗುವ ತಾಯಿ ಇದನ್ನು ಓದಿದರೆ ನಮ್ಮ ಮೇಲೆ ಸಿಟ್ಟಾದಾಳು, ಅದು ಸಹಜವೇ. 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಮಕ್ಕಳನ್ನು ಕೂಡಿಸಿ ಕಲಿಸುವುದು 3 ವರ್ಷವಾದ ಮೇಲೆ. ಅದಕ್ಕಿಂತ ಚಿಕ್ಕ ಕೂಸುಗಳಿಗಾಗಿ ಕರ್ನಾಟಕ ಸರಕಾರವು 2023ರಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ಗಳು ಗ್ರಾಮ ಪಂಚಾಯತಿಗಳಿಗಾಗಿ ಇರುವಂಥವು. ನಗರದ ಓಣಿಗಳಿಗೂ ಅಂಥ ಮನೆಗಳು ಬೇಕು. ಅವು ಬರುವವರೆಗೆ ಅಕ್ಕನ ಸೊಂಟವೇ ಕೂಸಿನ ಮನೆ.

ಅಂದಹಾಗೆ, ಆ ನೆರೆಮನೆಯಲ್ಲಿ 13 ವರ್ಷದ ಅಣ್ಣನೊಬ್ಬನಿದ್ದಾನೆ. ಅಂದು ಅವನು ಎದುರಿನ ಖಾಲಿ ನಿವೇಶನದಲ್ಲಿ ಕ್ರಿಕೆಟ್ ಆಡುತ್ತಿದ್ದ. ಕೂಸನ್ನು ಅವನಿಗೇಕೆ ಒಪ್ಪಿಸಲಿಲ್ಲವೆಂದು ತಾಯಿಯನ್ನು ಕೇಳಿದಾಗ ಆಕೆ ನಕ್ಕಳು: “ಅವಗೇನ್ ತಿಳೀತೈತ್ರಿ ಸರ, ಗಂಡ್ ಹುಡುಗ ಅಂವಾ.” ನಾವು ಅವನನ್ನು ಕರೆದು ಗುರುತ್ವ ಕೇಂದ್ರದ ವಿಷಯವನ್ನು ವಿವರಿಸಿದೆವು. ಅವನು ಮರುಮಾತಾಡದೆ ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ ಬಂದನು.