ದಾರಿಯ ದರ್ಜೆಯೂ ದಾರಿಯ ಧಣಿಯೂ

ನವಲಗುಂದ ತಾಲೂಕಿನ ತಿರ್ಲಾಪುರದ ಕಡೆಯ ಒಕ್ಕಲಿಗರೊಬ್ಬರು ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಅವರ ಕೈಯಲ್ಲಿ ಮೂರು ಅರ್ಜಿಗಳ ನಕಲುಗಳಿದ್ದವು. ಮೂರರಲ್ಲಿಯೂ ಬರೆದ ಸಂಗತಿ ಒಂದೇ: ಹೊಲದಿಂದ ಊರಿಗೆ ಬರುವ ದಾರಿಯಲ್ಲಿ ಹೆಸರುಕಾಳು ಹೇರಿದ ಟ್ರ್ಯಾಕ್ಟರು ಅಚ್ಚಿನವರೆಗೆ ಹೂತು ಎರಡು ದಿನ ನಿಂತಿತು; ಮಾಲು ತೊಯ್ದು ಮೊಳಕೆಯೊಡೆಯಿತು; ದಾರಿಯನ್ನು ದುರಸ್ತಿ ಮಾಡಿಸಿ ಕೊಡಬೇಕು. ಒಂದು ಕಚೇರಿಯವರು ‘ಇದು ನಮ್ಮ ಯಾದಿಯಲ್ಲಿಲ್ಲ’ ಎಂದರಂತೆ. ಇನ್ನೊಂದು ಕಚೇರಿಯವರು ‘ಇದು ಕಾಲುವೆಯವರದಿರಬೇಕು’ ಎಂದರಂತೆ. ಮೂರನೆಯವರು ಅರ್ಜಿಯನ್ನು ಮೊದಲನೆಯವರಿಗೇ ಕಳಿಸಿ ಕೈತೊಳೆದುಕೊಂಡರಂತೆ. ದಾರಿ ಎಂದು ಆಗುವದೆಂದು ಆ ಹಿರಿಯರು ನಮ್ಮನ್ನು ಕೇಳಲೇ ಇಲ್ಲ. ‘ವಕೀಲ ಸಾಹೇಬರ, ಈ ದಾರಿಗೆ ಧಣಿ ಯಾರು, ಅಷ್ಟ ಹೇಳ್ರಿ’ ಎಂದು ಕೇಳಿದರು.

ಪ್ರಶ್ನೆ ಚಿಕ್ಕದು, ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ರಸ್ತೆಗಳ ವರ್ಗೀಕರಣದ ವಿಷಯವನ್ನು ತುಸು ವಿಸ್ತಾರವಾಗಿ ನೋಡಬೇಕಾಗುತ್ತದೆ. ಇದು ಇಂಜಿನಿಯರರ ವಿಷಯವೆಂದು ನಮ್ಮ ವಾಚಕರು ಪುಟ ತಿರುವಬಾರದೆಂದು ವಿಜ್ಞಾಪನೆ. ಯಾವ ದಾರಿಗೆ ಯಾವ ದರ್ಜೆ ಎಂಬುದು ಗೊತ್ತಾಗುವ ಕಾಗದದ ಮೇಲೆಯೇ ಯಾವ ಊರಿನ ಮಾಲು ಪೇಟೆ ಸೇರುವದು, ಯಾವ ಊರಿನ ಬಸುರಿ ಹೆಂಗಸು ಹೊತ್ತಿಗೆ ಸರಿಯಾಗಿ ದವಾಖಾನೆ ಸೇರುವಳು ಎಂಬುದೂ ಗೊತ್ತಾಗಿ ಹೋಗುತ್ತದೆ.

ರಸ್ತೆಯನ್ನು ಎರಡು ಅಳತೆಗಳಿಂದ ಅಳೆಯಬಹುದು. ಅದು ಮಾಡುವ ಕೆಲಸವೇನೆಂಬುದು ಒಂದು ಅಳತೆ. ಅದರ ಭಾರವನ್ನು ಹೊರತಕ್ಕವರು ಯಾರೆಂಬುದು ಇನ್ನೊಂದು. 1943ರಲ್ಲಿ ನಾಗಪುರದಲ್ಲಿ ಕೂಡಿದ ಮುಖ್ಯ ಇಂಜಿನಿಯರರ ಪರಿಷತ್ತು ಈ ಎರಡನ್ನೂ ಜೋಡಿಸಿ ಐದು ದರ್ಜೆಗಳನ್ನು ಗೊತ್ತುಪಡಿಸಿತು. ದೇಶದ ಉದ್ದಗಲಕ್ಕೂ ಹಾಯ್ದು ರಾಜಧಾನಿಗಳನ್ನೂ ಬಂದರಗಳನ್ನೂ ಕೂಡಿಸುವದು ರಾಷ್ಟ್ರೀಯ ಹೆದ್ದಾರಿ. ಪ್ರಾಂತದೊಳಗಿನ ಜಿಲ್ಲಾ ಸ್ಥಳಗಳನ್ನೂ ದೊಡ್ಡ ಪಟ್ಟಣಗಳನ್ನೂ ಕೂಡಿಸುವದು ಪ್ರಾಂತಿಕ ಹೆದ್ದಾರಿ; ಇಂದು ಇದಕ್ಕೆ ರಾಜ್ಯ ಹೆದ್ದಾರಿಯೆಂದು ಹೆಸರು. ಬೆಳೆಯುವ ಸೀಮೆಯನ್ನೂ ಪೇಟೆಯನ್ನೂ ಹೆದ್ದಾರಿಗೆ ಹಚ್ಚುವದು ಜಿಲ್ಲಾ ಮುಖ್ಯ ರಸ್ತೆ. ಅದಕ್ಕಿಂತ ಕಡಿಮೆ ಓಡಾಟದ್ದು ಇತರೆ ಜಿಲ್ಲಾ ರಸ್ತೆ. ಹಳ್ಳಿಯಿಂದ ಹಳ್ಳಿಗೆ, ಹಳ್ಳಿಯಿಂದ ಸಮೀಪದ ಮೇಲಿನ ದರ್ಜೆಯ ರಸ್ತೆಗೆ ಹೋಗುವದು ಹಳ್ಳಿಯ ರಸ್ತೆ. ಬೇಸಾಯ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ಹೆಚ್ಚು ದೂರವಿರಬಾರದೆಂಬುದು ಆ ಯೋಜನೆಯ ಗುರಿಯಾಗಿತ್ತು. ದರ್ಜೆಯಂತೆ ನೆಲದ ಅಗಲವೂ ಬೇರೆಯಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1980ರ ಪ್ರಮಾಣದಂತೆ ಬಯಲು ಸೀಮೆಯಲ್ಲಿ ಎರಡೂ ಬಗೆಯ ಹೆದ್ದಾರಿಗೆ 45 ಮೀಟರು, ಜಿಲ್ಲಾ ಮುಖ್ಯ ರಸ್ತೆಗೆ 25, ಇತರೆ ಜಿಲ್ಲಾ ರಸ್ತೆಗೆ 15, ಹಳ್ಳಿಯ ರಸ್ತೆಗೆ 12 ಮೀಟರು.

ಇನ್ನು ಭಾರದ ಮಾತು. ಸಂವಿಧಾನದ ಏಳನೆಯ ಅನುಸೂಚಿಯು ರಾಷ್ಟ್ರೀಯ ಹೆದ್ದಾರಿಗಳನ್ನು ಕೇಂದ್ರಕ್ಕೆ ಕೊಟ್ಟು ಉಳಿದ ರಸ್ತೆಗಳನ್ನು ರಾಜ್ಯಕ್ಕೆ ಬಿಟ್ಟಿದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಸೇರಿಸಿದ ಹನ್ನೊಂದನೆಯ ಅನುಸೂಚಿಯು ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಎಣಿಸಿತು. ನಮ್ಮ ರಾಜ್ಯದಲ್ಲಿ ರಾಜ್ಯ ಹೆದ್ದಾರಿಯೂ ಜಿಲ್ಲಾ ಮುಖ್ಯ ರಸ್ತೆಯೂ ಲೋಕೋಪಯೋಗಿ ಖಾತೆಯ ಕಡೆಗೆ. ಹಳ್ಳಿಗಾಡಿನ ರಸ್ತೆಗಳು ಪಂಚಾಯತರಾಜ್ಯದ ಕಡೆಗೆ. ಇದಲ್ಲದೆ ನವಲಗುಂದದಂಥ ತಾಲೂಕಿನಲ್ಲಿ ಮಲಪ್ರಭೆಯ ಕಾಲುವೆಗಳ ದಂಡೆಯ ದಾರಿಗಳುಂಟು. ಅವು ನೀರಾವರಿ ನಿಗಮದವು. ಒಬ್ಬ ಒಕ್ಕಲಿಗನು ತನ್ನ ಹೊಲದಿಂದ ಹುಬ್ಬಳ್ಳಿಯ ಪೇಟೆಗೆ ಒಂದು ಹೇರು ಮಾಲು ಒಯ್ಯುವಷ್ಟರಲ್ಲಿ ನಾಲ್ಕು ಧಣಿಗಳ ನೆಲವನ್ನು ದಾಟಬಹುದು.

ಧಾರವಾಡ ಜಿಲ್ಲೆಯ ಹಿರಿಯ ದಾರಿಗಳಿಗೆ ಕೊರತೆಯಿಲ್ಲ. ಬೆಳಗಾವಿಯಿಂದ ಧಾರವಾಡ ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಹೋಗುವ 48ನೆಯ ಹೆದ್ದಾರಿ, ಅಣ್ಣಿಗೇರಿಯನ್ನು ಹಾಯ್ದು ಗದಗಿಗೆ ಹೋಗುವ 67ನೆಯದು, ವಿಜಯಪುರದ ಕಡೆಯಿಂದ ನರಗುಂದ ನವಲಗುಂದಗಳ ಮೇಲೆ ಹುಬ್ಬಳ್ಳಿಗೆ ಬಂದು ಕಲಘಟಗಿಯ ಮೂಲಕ ಅಂಕೋಲೆಗೆ ಇಳಿಯುವ 52ನೆಯದು, ಹೀಗೆ ಮೂರು ರಾಷ್ಟ್ರೀಯ ಹೆದ್ದಾರಿಗಳು ಇಲ್ಲುಂಟು. 2010ರಲ್ಲಿ ದೇಶದ ಹೆದ್ದಾರಿಗಳ ಅಂಕಿಗಳನ್ನೆಲ್ಲ ಬದಲಿಸಿದಾಗ ನವಲಗುಂದದ ದಾರಿಯ 218 ಎಂಬ ಹಳೆಯ ಅಂಕಿ ಹೋಗಿ 52 ಬಂದಿತು. ಅಂಕಿ ಬದಲಾದದ್ದು ದಿಲ್ಲಿಯ ಗೆಜೆಟ್ಟಿನಲ್ಲಿ ಅಚ್ಚಾಯಿತು. ಅದೇ ಹೆದ್ದಾರಿಗೆ ಕಾಳು ತಂದು ಸುರಿಯುವ ಹೊಲದ ದಾರಿಗೆ ಮಾತ್ರ ಅಂಕಿಯೂ ಇಲ್ಲ, ಹೆಸರೂ ಇಲ್ಲ.

ಒಕ್ಕಲಿಗನು ರಸ್ತೆಗಾಗಿ ಹಣ ಕೊಟ್ಟವನೇ ಅಲ್ಲವೆಂದು ಯಾರೂ ಭಾವಿಸಲಾಗದು. ಮುಂಬಯಿ ಇಲಾಖೆಯಲ್ಲಿ 1869ರ ಸ್ಥಾನಿಕ ನಿಧಿಯ ಕಾಯಿದೆಯ ಮೇರೆಗೆ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಹೆಚ್ಚಿನ ಪಟ್ಟಿಯನ್ನು ಎತ್ತುತ್ತಿದ್ದರು. ಅದರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಆದರೆ ಆ ಕಾಲದ ದೊಡ್ಡ ದಾರಿಗಳು ಹತ್ತಿಯ ಬೆನ್ನು ಹಿಡಿದು ಹೋದವು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಲಂಕಾಶೈರದ ಗಿರಣಿಗಳಿಗೆ ಹತ್ತಿ ಸಾಲದಾದಾಗ ನಮ್ಮ ಎರೆ ಸೀಮೆಯ ಅಂಡಿಗೆಗಳು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋದವು. ಈ ಸೀಮೆಯ ನಾಡಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರಾಗಿತ್ತು. ಬಂದರಕ್ಕೆ ಮುಟ್ಟುವ ದಾರಿಗೆ ದರ್ಜೆ ದೊರೆಯಿತು. ಹೊಲಕ್ಕೆ ಮುಟ್ಟುವ ದಾರಿ ಇದ್ದಂತೆಯೇ ಉಳಿಯಿತು. 1927ರಲ್ಲಿ ನೇಮಕವಾದ ಜಯಕರ ಸಮಿತಿಯು ರಸ್ತೆಗಳ ಭಾರವು ಸ್ಥಾನಿಕ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿದೆಯೆಂದು ಕಂಡುಕೊಂಡಿತು; 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡು ಆಣೆಯ ಹೆಚ್ಚಿನ ಸುಂಕದಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಅದರ ಬಹುಭಾಗವೂ ಮೋಟಾರು ಓಡುವ ದಾರಿಗೇ ಸಂದುದರಲ್ಲಿ ಆಶ್ಚರ್ಯವಿಲ್ಲ. 1956ರ ನವಂಬರ 1ರಂದು ಕನ್ನಡ ನಾಡು ಒಂದಾಯಿತು. ಬೇರೆ ಬೇರೆ ಆಡಳಿತಗಳ ಕೈಯಲ್ಲಿದ್ದ ರಸ್ತೆಗಳು 1964ರ ಹೆದ್ದಾರಿಗಳ ಕಾಯಿದೆಯಿಂದ ಒಂದೇ ಕಟ್ಟಿಗೆ ಒಳಪಟ್ಟವು. ನಾಡು ಕೂಡಿದರೂ ಹೊಲಕ್ಕೂ ಊರಿಗೂ ನಡುವಿನ ಎರಡು ಮೈಲಿ ಕೂಡಲಿಲ್ಲವೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಈಗಿನ ವ್ಯವಸ್ಥೆಯ ದೋಷಗಳು ಮೂರು.

ಒಂದನೆಯದು, ಊರನ್ನು ಎಣಿಸುವ ಬಗೆ. 2000ದ ಡಿಸೆಂಬರ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ ಯೋಜನೆಯು ಬಯಲು ಸೀಮೆಯಲ್ಲಿ 500 ಜನವಸತಿಯ ಊರುಗಳಿಗೆ ಎಲ್ಲ ಋತುಗಳಲ್ಲಿಯೂ ನಡೆಯುವ ಒಂದು ರಸ್ತೆಯನ್ನು ಕೊಡಲು ಹೊರಟಿತು. ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವದು ಕೃತಘ್ನತೆಯಾದೀತು. ಆದರೆ ಒಂದು ಕಡೆಯಿಂದ ಡಾಂಬರು ಬಂದು ಮುಟ್ಟಿದೊಡನೆ ಆ ಊರು ‘ಜೋಡಿಸಲ್ಪಟ್ಟ ಊರು’ ಎಂದು ಬರೆಯಲ್ಪಟ್ಟಿತು. ಊರಿನ ಮಕ್ಕಳು ಹೈಸ್ಕೂಲಿಗೆ ಪಡುವಣ ಹಳ್ಳಿಗೆ ಹೋಗುತ್ತಿದ್ದು ರಸ್ತೆ ಮೂಡಣ ದಿಕ್ಕಿಗೆ ಆಗಿದ್ದರೆ ಕೇಳುವವರಾರು? 2019ರ ಮೂರನೆಯ ಹಂತದಲ್ಲಿ ಪೇಟೆ, ಹೈಸ್ಕೂಲು, ದವಾಖಾನೆಗಳಿಗೆ ಮುಟ್ಟುವ ರಸ್ತೆಗಳನ್ನು ಮುಖ್ಯವಾಗಿ ಹಿಡಿದದ್ದು ಈ ತಪ್ಪಿನ ತಿದ್ದುಪಡಿಯೇ ಸರಿ. ಆದರೂ ಅದು ತಡವಾಗಿ ಬಂದಿತು.

ಎರಡನೆಯದು, ದರ್ಜೆ ಏರಿಸುವ ಉತ್ಸಾಹ. ಹಳ್ಳಿಯ ರಸ್ತೆಯನ್ನು ಜಿಲ್ಲಾ ಮುಖ್ಯ ರಸ್ತೆ ಮಾಡಿಸಿದೆವೆಂದು ಮುಖಂಡರು ಹಾರ ಹಾಕಿಸಿಕೊಳ್ಳುತ್ತಾರೆ. ಹಾಗೆ ಏರಿದ ರಸ್ತೆ ಪಂಚಾಯತಿಯ ಕೈಬಿಟ್ಟು ಹೋಗುತ್ತದೆ. ಮೇಲಿನ ಖಾತೆಯಲ್ಲಿ ಅದಕ್ಕೆ ಹಣ ಮಂಜೂರಾಗುವದು ಎಂದೋ ದೇವರೇ ಬಲ್ಲ. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲವೆಂಬಂತೆ ಆ ರಸ್ತೆಯ ಸ್ಥಿತಿಯಾಗುತ್ತದೆ. ಗ್ರಾಮ ಸಡಕ ಯೋಜನೆಯ ರಸ್ತೆಗಳಿಗಾದರೂ ಕಟ್ಟಿದ ಗುತ್ತೇದಾರನು ಐದು ವರುಷ ದುರಸ್ತಿ ನೋಡಿಕೊಳ್ಳಬೇಕೆಂಬ ಕರಾರು ಇದೆ. ಆರನೆಯ ವರುಷದಲ್ಲಿ ಭಾರವು ಸ್ಥಾನಿಕರ ತಲೆಯ ಮೇಲೆ ಬೀಳುತ್ತದೆ. ನಮ್ಮದು ಎರೆ ನೆಲ. ಮಳೆಗೆ ಹಿಗ್ಗಿ ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ದುರಸ್ತಿ ಎರಡು ಮಳೆಗಾಲ ತಪ್ಪಿದರೆ ರಸ್ತೆಯನ್ನು ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಇಂಥ ಲೆಕ್ಕವನ್ನು ಜಿಲ್ಲೆಯ ಮಟ್ಟದಲ್ಲಿ ಕೇಳತಕ್ಕ ಸಭೆಯಾದರೂ ಯಾವದು? 2021ರಲ್ಲಿ ಅವಧಿ ತೀರಿದ ಜಿಲ್ಲಾ ಪಂಚಾಯತಿಗಳಿಗೆ ವರುಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹುದ್ದೇದಾರರೇ ಕಾರಭಾರ ನಡೆಯಿಸಿದರು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಐದು ದರ್ಜೆಗಳ ಕೆಳಗೆ ಆರನೆಯದೊಂದು ದಾರಿಯಿದೆ. ಅದು ಚಕ್ಕಡಿಯ ದಾರಿ. ನಾಡಿನ ಅನ್ನವೆಲ್ಲ ಮೊಟ್ಟಮೊದಲು ಹಾಯುವದು ಇದರ ಮೇಲೆ. ಶ್ರಾವಣದ ಮಳೆಯಲ್ಲಿ ಹೆಸರು ಕೊಯ್ಲಿಗೆ ಬಂದಾಗ ಎರೆ ನೆಲದ ಚಕ್ಕಡಿ ದಾರಿ ಎಷ್ಟು ಕೆಡುತ್ತದೆಂಬುದನ್ನು ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಒಕ್ಕಲಿಗರಿಗೆ ನಾವು ಹೇಳಬೇಕಾಗಿಲ್ಲ. ಉದ್ಯೋಗ ಖಾತರಿಯ ಕೂಲಿಯಿಂದ ಅಲ್ಲಲ್ಲಿ ಇಂಥ ದಾರಿಗಳು ಸುಧಾರಿಸಿದ್ದುಂಟು. ಆದರೆ ದರ್ಜೆಯಿಲ್ಲದ ದಾರಿಗೆ ವರುಷ ವರುಷದ ದುರಸ್ತಿಯ ಹಣವೂ ಇಲ್ಲ.

ಆ ಹಿರಿಯರ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲದಿಲ್ಲ. ನಾವು ಅವರ ಗ್ರಾಮದ ನಕಾಶೆಯನ್ನು ತರಿಸಿ ನೋಡಿದೆವು. ಹತ್ತೊಂಬತ್ತನೆಯ ಶತಮಾನದ ಮೋಜಣಿದಾರರು ಹಾಕಿದ ಗೆರೆಗಳಲ್ಲಿ ಆ ದಾರಿ ಸ್ಪಷ್ಟವಾಗಿ ಇತ್ತು. ನಕಾಶೆಯಲ್ಲಿ ಕಂಡ ಸಾರ್ವಜನಿಕ ದಾರಿಯ ನೆಲವು 1964ರ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ ಸರಕಾರದ್ದು. ಅದನ್ನು ಒತ್ತಿದವರನ್ನು ತೆಗೆಯಿಸುವದು ತಹಶೀಲದಾರರ ಕರ್ತವ್ಯ. ನಕಾಶೆಯಲ್ಲಿ ಇರದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಹಾಯ್ದು ಬಂದ ವಹಿವಾಟಿನ ದಾರಿಯಾದರೆ 1882ರ ಕಾಯಿದೆಯಂತೆ 20 ವರುಷ ರಾಜಾರೋಷವಾಗಿ, ಹಕ್ಕೆಂದು, ಅಡತಡೆಯಿಲ್ಲದೆ ನಡೆದದ್ದನ್ನು ದಿವಾಣಿ ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕು. ಮೊದಲನೆಯ ಬಗೆಯ ದಾರಿಗೆ ಧಣಿ ಇದ್ದಾನೆ. ಆ ಧಣಿಗೆ ತನ್ನ ಆಸ್ತಿ ಎಲ್ಲಿದೆಯೆಂಬುದು ಮರೆತುಹೋಗಿದೆ, ಅಷ್ಟೇ.

ಇಲ್ಲಿ ನಮ್ಮವರ ತಪ್ಪನ್ನೂ ಹೇಳದೆ ಬಿಡುವದು ನ್ಯಾಯವಲ್ಲ. ನಕಾಶೆಯನ್ನು ಹಿಡಿದು ನಾವು ಆ ದಾರಿಯ ಮೇಲೆ ನಡೆದು ನೋಡಿದಾಗ ಎರಡು ಚಕ್ಕಡಿ ಎದುರಾದರೆ ಸರಿಯಲು ಎಡೆಯಿದ್ದ ದಾರಿ ಒಂದು ಚಕ್ಕಡಿಗೂ ಇಕ್ಕಟ್ಟಾಗಿತ್ತು. ಇದನ್ನು ಯಾವ ಕಚೇರಿಯವರೂ ಒತ್ತಿದ್ದಿಲ್ಲ. ಎರಡೂ ಬದಿಯ ಹೊಲದವರು ವರುಷಕ್ಕೊಂದು ಸಾಲಿನಂತೆ ರಂಟೆ ಹೊಡೆದು ಒಳಗೆ ಬಂದಿದ್ದರು. ಅರ್ಜಿ ಕೊಟ್ಟ ಹಿರಿಯರ ಸಾಲೂ ಅದರಲ್ಲಿತ್ತು. ಅದನ್ನು ಅವರೇ ತೋರಿಸಿ ತಲೆ ತಗ್ಗಿಸಿದರು.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಪ್ರತಿಯೊಂದು ಗ್ರಾಮ ಪಂಚಾಯತಿಯು ತನ್ನ ಸೀಮೆಯ ದಾರಿಗಳ ಯಾದಿಯನ್ನು, ಚಕ್ಕಡಿ ದಾರಿಗಳನ್ನೂ ಕೂಡಿಸಿ, ಅಂಕಿ, ಉದ್ದ, ಅಗಲ, ಧಣಿ ಇವುಗಳೊಡನೆ ಬರೆದು ಚಾವಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚಬೇಕು. ಅರ್ಜಿಯು ತಪ್ಪು ಕಚೇರಿಗೆ ಬಂದರೆ ಧಣಿಯನ್ನು ಹುಡುಕುವ ಕೆಲಸ ಆ ಕಚೇರಿಯದಾಗಬೇಕು, ಅರ್ಜಿದಾರನದಾಗಬಾರದು. ರಸ್ತೆಯ ದರ್ಜೆ ಏರಿಸುವ ಹುಕುಮಿನಲ್ಲಿಯೇ ದುರಸ್ತಿಯ ಹಣದ ಮೊತ್ತವೂ ಇರಬೇಕು. ಚಕ್ಕಡಿ ದಾರಿಗೆ ಆರನೆಯ ದರ್ಜೆಯನ್ನು ಕೊಟ್ಟು ಅದಕ್ಕೆ ಮುರುಮು ಹಾಕಿ ನೀರು ಹರಿಯಲು ಬದುಗಾಲುವೆ ತೆಗೆಯುವಷ್ಟಾದರೂ ಹಣವನ್ನು ವರುಷ ವರುಷ ಇಡಬೇಕು. ಬಿತ್ತುವ ಮೊದಲು ಊರವರೇ ಕೂಡಿ ನಕಾಶೆಯಂತೆ ದಾರಿಯ ಅಂಚಿಗೆ ಕಲ್ಲು ನೆಡಬೇಕು.

ಇಷ್ಟಕ್ಕೆಲ್ಲ ಹಣವೆಲ್ಲಿದೆಯೆಂದು ಕೆಲವರು ಕೇಳಬಹುದು. ಯಾದಿ ಬರೆಯಲು ಹಣ ಬೇಡ. ಕಲ್ಲು ನೆಡಲು ಹೆಚ್ಚು ಬೇಡ. ಮುರುಮಿಗೆ ಬೇಕಾಗುವ ಹಣವನ್ನು ಒಂದು ಮಳೆಗಾಲದಲ್ಲಿ ದಾರಿಯಲ್ಲೇ ಮೊಳೆತು ಹೋಗುವ ಕಾಳಿನ ಬೆಲೆಯೊಡನೆ ತೂಗಿ ನೋಡಬೇಕೆಂದು ನಾವು ವಿನಂತಿಸುತ್ತೇವೆ. 1980ರ ಜುಲೈ ತಿಂಗಳಲ್ಲಿ ನೀರಾವರಿಯ ಅಭಿವೃದ್ಧಿ ಕರದ ನ್ಯಾಯಾನ್ಯಾಯವನ್ನು ಸರಕಾರಕ್ಕೆ ಎದುರಾಗಿ ನಿಂತು ಕೇಳಿದ ತಾಲೂಕು ನವಲಗುಂದ. ತನ್ನ ಹೊಲದ ದಾರಿಯ ಧಣಿ ಯಾರೆಂಬುದನ್ನೂ ಅದು ಕೇಳಬಲ್ಲದು. ಬರುವ ಗ್ರಾಮಸಭೆಯಲ್ಲಿ ಅದೊಂದೇ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಯಿಸಬೇಕೆಂದು ತಿರ್ಲಾಪುರದ ಕಡೆಯ ಬಂಧುಗಳಿಗೂ ನಮ್ಮ ವಾಚಕರೆಲ್ಲರಿಗೂ ನಮ್ಮ ಅರಿಕೆ.